ಕೀಲಿಕೈ ಯಾರ ಕೈಯಲ್ಲಿ?

(ಆಡೂರಿನಲ್ಲಿ ಕೂಡಿದ್ದ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಮೈಮೇಲಿನ ಧೂಳನ್ನೂ ಕೊಡವಿಕೊಳ್ಳದೆ ನೇರವಾಗಿ ಇಲ್ಲಿಗೆ ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ಅಂಗಡಿಯ ಬಾಗಿಲನ್ನು ಒಂದು ತಾಸು ಮುಂಚೆ ಹಾಕಿ ಬಂದವರೂ ಇದ್ದೀರಿ. ಆದಕಾರಣ ಉದ್ದನೆಯ ಪೀಠಿಕೆಯಲ್ಲಿ ನಿಮ್ಮ ಹೊತ್ತನ್ನು ಕಳೆಯುವುದಿಲ್ಲ. ನಮ್ಮ ಸಂಘದ ಜಾಲತಾಣವನ್ನು ನಾವೇ ಹೇಗೆ ನಿಲ್ಲಿಸಿದೆವು, ಅದನ್ನು ನಾವೇ ಏಕೆ ನಿಲ್ಲಿಸಬೇಕಾಯಿತು, ಇನ್ನು ಮುಂದೆ ಅದನ್ನು ಕಾಯುವವರು ಯಾರು, ಈ ಮೂರು ಮಾತುಗಳನ್ನು ಹೇಳಿ ಕೂಡ್ರುತ್ತೇನೆ.

ನಾನು ಎಂಜಿನಿಯರನಲ್ಲ. ಮ್ಯಾಟ್ರಿಕ್ ಓದಿದವನು, ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು, ಆಮೇಲೆ ಸಂಘಟನೆಯ ಕೆಲಸಕ್ಕೆ ಬಂದವನು. ಇಂಥವನು ಸರ್ವರು, ಲಿನಕ್ಸು ಎಂದು ಮಾತನಾಡುತ್ತಾನಲ್ಲ ಎಂದು ಯಾರಿಗಾದರೂ ನಗೆ ಬಂದರೆ ತಪ್ಪಿಲ್ಲ. ಮೊದಲು ನನಗೂ ಬಂದಿತ್ತು. ಆದರೆ ಒಂದು ಪೆಟ್ಟು ತಿಂದ ಮೇಲೆ ನಗೆ ನಿಂತುಹೋಯಿತು. ಆ ಪೆಟ್ಟಿನ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

ನಾಲ್ಕು ವರ್ಷಗಳ ಹಿಂದೆ ನಾವು ಹತ್ತು, ಇಪ್ಪತ್ತು ರೂಪಾಯಿಗಳಂತೆ ವಂತಿಗೆ ಕೂಡಿಸಿ, ಪಟ್ಟಣದ ಒಬ್ಬ ಗುತ್ತಿಗೆದಾರನಿಗೆ ರೊಕ್ಕ ಕೊಟ್ಟು, ಸಂಘದ ಹೆಸರಿನಲ್ಲಿ ಒಂದು ಜಾಲತಾಣ ಮಾಡಿಸಿದೆವು. ನಮ್ಮ ಕೂಲಿ ಒಪ್ಪಂದಗಳ ಪ್ರತಿಗಳು, ಚೀಲವೊಂದಕ್ಕೆ ಇಷ್ಟೆಂದು ಗೊತ್ತುಮಾಡಿದ ಹಮಾಲಿಯ ದರಪಟ್ಟಿ, ಬೋನಸ್ಸಿನ ನೋಟೀಸುಗಳು, ಸಭೆಯ ಠರಾವುಗಳು, ಇವನ್ನೆಲ್ಲ ಅದರಲ್ಲಿ ಹಾಕಿದ್ದೆವು. ಸಣ್ಣ ವ್ಯಾಪಾರಸ್ಥರೂ ತಮ್ಮ ವಾರದ ಧಾರಣೆಯನ್ನು ಅಲ್ಲಿಯೇ ಬರೆಯುತ್ತಿದ್ದರು. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಗುತ್ತಿಗೆದಾರನು ಮೊದಲಿನ ಎರಡರಷ್ಟು ಕೇಳಿದನು. ನಾವು ಚರ್ಚೆ ಮಾಡೋಣ ಎಂದೆವು. ಅವನು ದೂರವಾಣಿ ಎತ್ತುವುದನ್ನು ಬಿಟ್ಟನು. ಒಂದು ಮುಂಜಾನೆ ನೋಡಿದರೆ ಜಾಲತಾಣವೇ ಇಲ್ಲ. ವಿಚಾರಿಸಿದಾಗ ತಿಳಿಯಿತು: ಜಾಲತಾಣದ ಹೆಸರು ಅವನ ಹೆಸರಿನಲ್ಲಿ ನೋಂದಣಿಯಾಗಿತ್ತು, ಸರ್ವರಿನ ಬಾಡಿಗೆ ಅವನ ಖಾತೆಯಲ್ಲಿತ್ತು, ಗುಪ್ತಪದ ಅವನ ತಲೆಯಲ್ಲಿತ್ತು. ನಮ್ಮದಾಗಿ ಇದ್ದದ್ದು ರಸೀದಿಯೊಂದೇ.

ಅದೇ ಹೊತ್ತಿನಲ್ಲಿ ಹಮಾಲಿ ದರದ ತಕರಾರು ಕಾರ್ಮಿಕ ಅಧಿಕಾರಿಗಳ ಮುಂದೆ ಬಂದಿತು. ಅಂಥ ದರ ಒಪ್ಪಿದ್ದೇ ಇಲ್ಲವೆಂದು ಎದುರು ಪಕ್ಷದವರು ಹೇಳಿದರು. ನಮ್ಮ ಕಚೇರಿಯ ಕಾಗದದ ಪ್ರತಿಗೆ ಗೆದ್ದಲು ಹತ್ತಿತ್ತು. ಗಣಕಯಂತ್ರದಲ್ಲಿದೆಯಲ್ಲ ಎಂಬ ಧೈರ್ಯದಿಂದ ಅದನ್ನು ನಾವು ಕಾಯ್ದಿರಲಿಲ್ಲ. ಕೊನೆಗೆ ಮಾನ ಉಳಿಸಿದವರು ಒಬ್ಬ ಹಿರಿಯ ಹಮಾಲರು. ತಮ್ಮ ತಗಡಿನ ಪೆಟ್ಟಿಗೆಯ ತಳದಲ್ಲಿ, ಮಗಳ ಲಗ್ನಪತ್ರಿಕೆಯ ಜೊತೆಗೆ, ಆ ಒಪ್ಪಂದದ ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಅದನ್ನು ನನ್ನ ಕೈಗೆ ಕೊಡುತ್ತ ಅವರು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಮಾಸ್ತರ್ರ, ರೊಕ್ಕಾ ಹಾಕಿ ಮನಿ ಕಟ್ಟಿಸಿದ್ವಿ, ಖರೇ. ಕೀಲಿಕೈ ಯಾರ ಕಡೆ ಇತ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಇಂದು ಹೇಳುವುದೆಲ್ಲ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಬಂಧುಗಳೆ, ಈ ಆಡೂರಿಗೆ ಈ ವಿಷಯ ಹೊಸದೇನಲ್ಲ. ಬಾದಾಮಿ ಚಾಳುಕ್ಯರ ಕೀರ್ತಿವರ್ಮನ ಕಾಲದ ಶಾಸನ ನಿಮ್ಮ ಊರಿನದು. ಬಸದಿಗೆ ಬಿಟ್ಟ ಭೂಮಿಯ ವಿವರವನ್ನು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಕಲ್ಲಿನಲ್ಲಿ ಕೊರೆಯಿಸಿದರು. ಏಕೆ ಕೊರೆಯಿಸಿದರು? ನಾಳೆ ಯಾರಾದರೂ ಈ ಭೂಮಿ ನನ್ನದು ಎಂದರೆ, ಊರವರೆಲ್ಲ ಬಂದು ಓದಿ, ಅಲ್ಲ ಎನ್ನಬೇಕು ಎಂದು. ಹತ್ತು ಮಂದಿಗೆ ಕಾಣುವಂತೆ ಬರೆದಿಡುವುದು ಬಡವನ ಹಕ್ಕಿಗೂ ಬಲ. ಇಂದು ಕಲ್ಲಿನ ಬದಲು ಸರ್ವರು ಬಂದಿದೆ. ಕಲ್ಲು ಊರಿನ ನೆಲದಲ್ಲಿತ್ತು. ಸರ್ವರು ಎಲ್ಲಿಯೋ ಇರುತ್ತದೆ. ಭೇದವಿಷ್ಟೇ, ಆದರೆ ಈ ಭೇದದಲ್ಲಿಯೇ ನಾವು ಮೋಸಹೋಗುತ್ತೇವೆ.

ಸರ್ವರು ಎಂದರೇನು? ಹಗಲೂ ರಾತ್ರಿಯೂ ಚಾಲೂ ಇದ್ದು, ಕೇಳಿದವರಿಗೆ ಕೇಳಿದ ಪುಟವನ್ನು ಕಳಿಸುವ ಒಂದು ಗಣಕಯಂತ್ರ. ಅದರಲ್ಲಿ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೊಂದಿರಬೇಕು. ಜಗತ್ತಿನ ಬಹುಪಾಲು ಸರ್ವರುಗಳಲ್ಲಿ ಅದು ಲಿನಕ್ಸ್. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದರ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟನು. ಅದಕ್ಕೂ ಮುಂಚೆ, ೧೯೮೩ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ತಂತ್ರಾಂಶವನ್ನು ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಅವರ ವಾದ. ಇದಕ್ಕಾಗಿ ಅವರು ಬರೆದ ಜಿಪಿಎಲ್ ಎಂಬ ಪರವಾನಗಿಯಲ್ಲಿ ಒಂದು ಜಾಣ ಕರಾರು ಇದೆ: ನೀನು ಇದನ್ನು ತಿದ್ದಿ ಇತರರಿಗೆ ಹಂಚಿದರೆ, ಅದೇ ಹಕ್ಕುಗಳನ್ನು ಅವರಿಗೂ ಕೊಡತಕ್ಕದ್ದು. ಅಂದರೆ ಊರ ಕೆರೆಯ ನೀರನ್ನು ತುಂಬಿಕೊಳ್ಳಬಹುದು. ಕೆರೆಗೆ ಬೇಲಿ ಹಾಕುವಂತಿಲ್ಲ.

ಇನ್ನು ವಿಷಯ ನಿರ್ವಹಣೆಯ ತಂತ್ರಾಂಶ. ಹೆಸರು ದೊಡ್ಡದು, ಕೆಲಸ ಸರಳ. ಜಾಲತಾಣದ ಪ್ರತಿ ಪುಟವನ್ನೂ ಗಣಕದ ಭಾಷೆಯಲ್ಲಿ ಕೈಯಿಂದ ಬರೆಯಬೇಕಾದರೆ ನಮ್ಮಂಥವರಿಂದಾಗದು. ಈ ತಂತ್ರಾಂಶ ಒಮ್ಮೆ ಕುಳಿತಿತೆಂದರೆ, ಕಾಗದ ಬರೆಯಬಲ್ಲವನು ಜಾಲತಾಣವನ್ನೂ ನಡೆಸಬಲ್ಲನು. ಶೀರ್ಷಿಕೆ ಬರೆಯುವುದು, ಕೆಳಗೆ ವಿಷಯ ಬರೆಯುವುದು, ಪ್ರಕಟಿಸು ಎಂಬ ಗುಂಡಿ ಒತ್ತುವುದು. ಇಂಥ ತಂತ್ರಾಂಶಗಳು ಹಲವು. ೨೦೦೧ರ ದ್ರೂಪಲ್, ೨೦೦೩ರ ವರ್ಡ್‌ಪ್ರೆಸ್, ೨೦೦೫ರ ಜೂಮ್ಲಾ ಹೆಸರಾದವು. ಮೂರೂ ಜಿಪಿಎಲ್ ಪರವಾನಗಿಯವು, ಮೂರಕ್ಕೂ ಬೆಲೆಯಿಲ್ಲ.

ಇದು ದೂರದ ದೇಶದ ಸುದ್ದಿಯೆಂದು ತಿಳಿಯಬೇಡಿರಿ. ೨೦೦೫ರಲ್ಲಿ ಹರಿಪ್ರಸಾದ್ ನಾಡಿಗರು ಪ್ರಾರಂಭಿಸಿದ 'ಸಂಪದ' ಎಂಬ ಕನ್ನಡ ಜಾಲತಾಣವು ದ್ರೂಪಲ್ಲಿನ ಮೇಲೆ ನಿಂತಿತ್ತು. ನೂರಾರು ಕನ್ನಡಿಗರು ಅಲ್ಲಿ ಬರೆದರು. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ನಡೆಯುವುದೂ ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದಿಂದ, ಲಿನಕ್ಸ್ ಸರ್ವರುಗಳ ಮೇಲೆ. ಕನ್ನಡದಲ್ಲಿ ಆಗುವುದಿಲ್ಲ ಎಂದವರಿಗೆ ಅವರು ಮಾಡಿ ತೋರಿಸಿದ್ದಾರೆ. ನಾವು ಆರಿಸಿಕೊಂಡದ್ದು ವರ್ಡ್‌ಪ್ರೆಸ್. ಇಂದು ಜಗತ್ತಿನ ಹತ್ತು ಜಾಲತಾಣಗಳಲ್ಲಿ ನಾಲ್ಕು ಅದರ ಮೇಲಿವೆ. ಬಳಸುವವರು ಹೆಚ್ಚಿರುವುದರಿಂದ, ತೊಡಕು ಬಂದಾಗ ಕೇಳಿದರೆ ಹೇಳುವವರು ಸಿಗುತ್ತಾರೆ.

ಈಗ ನಿಲ್ಲಿಸಿದ ಬಗೆಯನ್ನು ಹೇಳುತ್ತೇನೆ. ಕಲಿಸಿದವಳು ನಮ್ಮ ಹಮಾಲ ಸಂಗಾತಿಯೊಬ್ಬರ ಮಗಳು, ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ. ಅವಳು ಹೇಳಿದಳು, ನಾನು ಬೆರಳಚ್ಚು ಮಾಡಿದೆ. ಒಂದು ರಾತ್ರಿಯ ಕೆಲಸ.

ಮೊದಲನೆಯದು ಹೆಸರು. ಜಾಲತಾಣದ ಹೆಸರನ್ನು ವರ್ಷಕ್ಕಿಷ್ಟೆಂದು ಕೊಟ್ಟು ನೋಂದಾಯಿಸಬೇಕು. ಈ ಸಲ ಸಂಘದ ಹೆಸರಿನಲ್ಲಿಯೇ ನೋಂದಾಯಿಸಿದೆವು. ಮಿಂಚಂಚೆಯ ವಿಳಾಸವೂ ಸಂಘದ್ದೇ. ಕಾರ್ಯದರ್ಶಿ ಬದಲಾದರೂ ಅದು ಬದಲಾಗದು. ಬೇಕೆಂದರೆ ಹೆಸರನ್ನು ಕನ್ನಡ ಲಿಪಿಯಲ್ಲಿಯೇ, ಕೊನೆಗೆ 'ಭಾರತ' ಎಂದು ಬರುವಂತೆ ಪಡೆಯಲೂ ಅವಕಾಶವಿದೆ. ಎರಡನೆಯದು ಸರ್ವರಿನ ಬಾಡಿಗೆ. ಇಡೀ ಯಂತ್ರ ಬೇಡ. ದೊಡ್ಡ ಯಂತ್ರವೊಂದರ ಒಂದು ಪಾಲು ಸಾಕು. ವಾಡೆಯಲ್ಲಿ ಒಂದು ಖೋಲಿ ಹಿಡಿದಂತೆ. ಒಂದು ಗಿಗಾಬೈಟು ನೆನಪಿನ ಚಿಕ್ಕ ಪಾಲಿಗೆ ನಾವು ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸು ಕೊಡುತ್ತಿದ್ದೇವೆ. ಸಂಘದ ಸದಸ್ಯರ ಮೇಲೆ ಹಂಚಿದರೆ ತಲೆಗೆ ಒಂದು ಕಪ್ಪು ಚಹಾದ ಖರ್ಚೂ ಇಲ್ಲ.

ಬಾಡಿಗೆ ಹಿಡಿಯುವಾಗ ಯಾವ ಲಿನಕ್ಸ್ ಬೇಕೆಂದು ಕೇಳುತ್ತಾರೆ. ನಾವು ಡೆಬಿಯನ್ ಎಂದೆವು. ೧೯೯೩ರಿಂದ ಸ್ವಯಂಸೇವಕರು ಕೂಡಿ ನಡೆಸುತ್ತ ಬಂದಿರುವ ಲಿನಕ್ಸ್ ಅದು. ಆಮೇಲೆ ಎಸ್‌ಎಸ್‌ಎಚ್ ಎಂಬ ದಾರಿಯಿಂದ ಇಲ್ಲಿಂದಲೇ ಆ ಯಂತ್ರದೊಳಗೆ ಹೋಗಬೇಕು. ಕರಿಯ ಪರದೆ, ಬಿಳಿಯ ಅಕ್ಷರ. ಹೆದರಬೇಕಾದ್ದೇನಿಲ್ಲ, ನಾವು ಆಜ್ಞೆ ಬರೆಯುವುದು, ಅದು ಮಾಡುವುದು. ಈ ಬಾಗಿಲಿಗೆ ಗುಪ್ತಪದಕ್ಕಿಂತ ಕೀಲಿ-ಕಡತ ಒಳ್ಳೆಯದು. ಅದು ಎರಡು ತುಂಡಿನದು: ಒಂದು ಸರ್ವರಿನಲ್ಲಿರುತ್ತದೆ, ಇನ್ನೊಂದು ನಮ್ಮ ಯಂತ್ರದಲ್ಲಿ. ಎರಡೂ ಕೂಡಿದರಷ್ಟೇ ಬಾಗಿಲು ತೆರೆಯುತ್ತದೆ. ಅದಲ್ಲದೆ ರೂಟ್ ಎಂಬ ಸರ್ವಾಧಿಕಾರಿಯಾಗಿ ದಿನನಿತ್ಯ ಒಳಗೆ ಹೋಗಬಾರದು. ಸಾಮಾನ್ಯ ಬಳಕೆದಾರನಾಗಿ ಹೋಗಿ, ಬೇಕಾದಾಗ ಮಾತ್ರ ಸುಡೊ ಎಂಬ ಪದ ಸೇರಿಸಿ ಆ ಅಧಿಕಾರವನ್ನು ಎರವಲು ಪಡೆಯಬೇಕು. ಅಧಿಕಾರ ಕೆಲಸಕ್ಕೆ ತಕ್ಕಷ್ಟು, ಹೊತ್ತಿಗೆ ತಕ್ಕಷ್ಟು. ಈ ನಿಯಮ ನಮ್ಮ ಪದಾಧಿಕಾರಿಗಳಿಗೂ ಒಳ್ಳೆಯದೇ.

ಒಳಗೆ ಹೋದ ಕೂಡಲೆ ಮಾಡುವ ಮೊದಲ ಕೆಲಸ, ಹಳೆಯ ಸರಕನ್ನು ಹೊಸದಾಗಿಸುವುದು. ಆಪ್ಟ್ ಎಂಬ ಆಜ್ಞೆ ಅದನ್ನು ಮಾಡುತ್ತದೆ. ಬೇಕಾದ ತಂತ್ರಾಂಶಗಳನ್ನು ತಂದು ಕೂಡ್ರಿಸುವುದೂ ಅದೇ. ಎರಡನೆಯ ಕೆಲಸ, ಬೇಡದ ಬಾಗಿಲುಗಳನ್ನು ಮುಚ್ಚುವುದು. ಸರ್ವರಿಗೆ ಅಂಕಿ ಹಾಕಿದ ಸಾವಿರಾರು ಬಾಗಿಲುಗಳಿವೆ. ನಮಗೆ ಬೇಕಾದವು ಮೂರು: ನಾವು ಹೋಗಿಬರುವ ೨೨, ಓದುಗರು ಬರುವ ೮೦ ಮತ್ತು ೪೪೩. ಉಳಿದವುಗಳಿಗೆ ಅಗುಳಿ ಹಾಕಿದೆವು.

ಆಮೇಲೆ ಮೂವರು ಆಳುಗಳನ್ನು ನೇಮಿಸಬೇಕು. ವ್ಯಾಪಾರಸ್ಥ ಬಂಧುಗಳು ತಮ್ಮ ಅಂಗಡಿಯನ್ನೇ ನೆನೆಯಲಿ. ಮುಂದೆ ನಿಂತು ಗಿರಾಕಿಯ ಮಾತು ಕೇಳಿ ಸಾಮಾನು ಕೊಡುವವನೊಬ್ಬ: ಅವನು ಅಪಾಚೆ. ಒಳಗೆ ಕುಳಿತು, ಕೇಳಿದ್ದನ್ನು ಹೊಂದಿಸಿ ಕಟ್ಟಿಕೊಡುವವನೊಬ್ಬ: ಅವನು ಪಿಎಚ್‌ಪಿ. ಕೀರ್ದಿ ಖಾತೆಗಳನ್ನು ಇಟ್ಟುಕೊಂಡು, ಯಾವ ಹಾಳೆಯಲ್ಲಿ ಏನಿದೆಯೆಂದು ಚಟ್ಟನೆ ತೆಗೆದುಕೊಡುವ ಗುಮಾಸ್ತನೊಬ್ಬ: ಅವನು ಮಾರಿಯಾಡಿಬಿ. ನಮ್ಮ ಲೇಖನಗಳೆಲ್ಲ ನಿಜವಾಗಿ ಇರುವುದು ಈ ಗುಮಾಸ್ತನ ಖಾತೆಯಲ್ಲಿಯೇ. ಫೋಟೊಗಳು ಮಾತ್ರ ಬೇರೆ ಕಡತಕೋಶದಲ್ಲಿರುತ್ತವೆ. ಇದನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಈ ಗುಮಾಸ್ತನ ಪೂರ್ವಕಥೆ ಕೇಳತಕ್ಕದ್ದು. ಇವನ ಮೊದಲ ಹೆಸರು ಮೈಎಸ್‌ಕ್ಯೂಎಲ್, ಹುಟ್ಟಿದ್ದು ೧೯೯೫ರಲ್ಲಿ. ೨೦೦೮ರಲ್ಲಿ ಇದನ್ನು ನಡೆಸುತ್ತಿದ್ದ ಕಂಪನಿಯನ್ನು ಸನ್ ಎಂಬ ದೊಡ್ಡ ಕಂಪನಿ ಕೊಂಡಿತು. ಆ ಸನ್ ಕಂಪನಿಯನ್ನು ೨೦೧೦ರಲ್ಲಿ ಒರಾಕಲ್ ಎಂಬ ಇನ್ನೂ ದೊಡ್ಡ ಕಂಪನಿ ನುಂಗಿತು. ಒರಾಕಲ್ಲಿನ ವ್ಯಾಪಾರವೇ ಇಂಥ ಖಾತೆ-ತಂತ್ರಾಂಶವನ್ನು ಮಾರುವುದು. ಹಾಗಾದರೆ ಬಳಸುತ್ತಿದ್ದವರ ಗತಿಯೇನು? ಮಾಲಿಕ ಬದಲಾದನೆಂದು ಅವರು ಬೀದಿಗೆ ಬೀಳಲಿಲ್ಲ. ಮೂಲ ಬರಹ ಜಿಪಿಎಲ್ ಪರವಾನಗಿಯಲ್ಲಿತ್ತಲ್ಲ! ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಮಾಂಟಿ ವಿಡೇನಿಯಸ್ ಎಂಬವರು ೨೦೦೯ರಲ್ಲಿಯೇ ಅದರ ಪ್ರತಿಯನ್ನು ತೆಗೆದುಕೊಂಡು ಬೇರೆ ಹಾದಿಯಲ್ಲಿ ಬೆಳೆಸಿದರು. ತಮ್ಮ ಕಿರಿಯ ಮಗಳು ಮಾರಿಯಾಳ ಹೆಸರನ್ನಿಟ್ಟರು. ಕಂಪನಿಯನ್ನು ಕೊಳ್ಳಬಹುದು, ಹೆಸರನ್ನು ಕೊಳ್ಳಬಹುದು. ಜನರ ಕೈಗೆ ಒಮ್ಮೆ ಕೊಟ್ಟ ಹಕ್ಕನ್ನು ಕೊಳ್ಳಲಾಗಲಿಲ್ಲ. ಗುತ್ತಿಗೆದಾರನಿಂದ ಪೆಟ್ಟು ತಿಂದಿದ್ದ ನಮಗೆ ಈ ಕಥೆ ಬಹಳ ಧೈರ್ಯ ಕೊಟ್ಟಿತು.

ಗುಮಾಸ್ತನಿಗೆ ಹೇಳಬೇಕಾದ್ದು ಎರಡು. ಒಂದು: ಈ ಜಾಲತಾಣಕ್ಕೆಂದು ಒಂದು ಹೊಸ ಖಾತೆ ತೆಗೆ, ಆ ಖಾತೆಯನ್ನಷ್ಟೇ ಮುಟ್ಟಬಲ್ಲ ಒಬ್ಬ ಬಳಕೆದಾರನನ್ನು ಮಾಡು, ಗಟ್ಟಿಯಾದ ಗುಪ್ತಪದ ಕೊಡು. ಎರಡು: ಖಾತೆಯ ಲಿಪಿ ಕ್ರಮ ಯುಟಿಎಫ್‌೮ಎಂಬಿ೪ ಇರಲಿ. ಇದು ಕನ್ನಡಿಗರಿಗೆ ಮುಖ್ಯ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಜಾಗ ಸಾಕು. ಯುನಿಕೋಡಿನ ಈ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. 'ಕಿ' ಎಂದು ಬರೆದರೆ ಕಕಾರಕ್ಕೆ ಮೂರು, ಗುಡಿಸಿಗೆ ಮೂರು, ಒಟ್ಟು ಆರು. ಲಿಪಿ ಕ್ರಮ ತಪ್ಪಿದರೆ ಬರೆದ ಕನ್ನಡವೆಲ್ಲ ಪ್ರಶ್ನೆಯ ಚಿಹ್ನೆಗಳಾಗಿ ಕೂಡ್ರುತ್ತದೆ. ಒಮ್ಮೆ ಹಾಗೆ ಕುಳಿತದ್ದು ಮರಳಿ ಬಾರದು. ಪಿಎಚ್‌ಪಿಗೂ ಎಂಬಿಸ್ಟ್ರಿಂಗ್ ಎಂಬ ಜೋಡಣೆಯನ್ನು ಹಾಕಬೇಕು; ಇಂಥ ಅಕ್ಷರಗಳನ್ನು ಸರಿಯಾಗಿ ಎಣಿಸುವುದು ಅದರಿಂದಲೇ.

ಇಷ್ಟಾದ ಮೇಲೆ ವರ್ಡ್‌ಪ್ರೆಸ್ಸಿನ ಗಂಟನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಂಡು, ಅಪಾಚೆ ನೋಡುವ ಕಡತಕೋಶದಲ್ಲಿ ಬಿಚ್ಚಬೇಕು. ಬೇರೆ ಯಾರೋ ಪುಕ್ಕಟೆ ಕೊಡುವ ದುಬಾರಿ ಅಲಂಕಾರ-ಜೋಡಣೆಗಳನ್ನು ತಂದು ಹಾಕಬೇಡಿರಿ. ಕಳ್ಳರು ಅದರಲ್ಲಿಯೇ ಅಡಗಿ ಬರುತ್ತಾರೆ. ಆಮೇಲೆ ಸಂರಚನೆಯ ಕಡತದಲ್ಲಿ ಖಾತೆಯ ಹೆಸರು, ಬಳಕೆದಾರ, ಗುಪ್ತಪದ ಬರೆಯಬೇಕು.

ಇಲ್ಲಿ ಹಕ್ಕಿನ ಲೆಕ್ಕ ಬರುತ್ತದೆ. ಲೆಕ್ಕದ ಮಾಸ್ತರನಾದ್ದರಿಂದ ಇದು ನನಗೆ ಚೆನ್ನಾಗಿ ಹಿಡಿಸಿತು. ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಮೂರು ವರ್ಗದವರ ಹಕ್ಕು ಬರೆದಿರುತ್ತದೆ: ಒಡೆಯ, ಗುಂಪು, ಉಳಿದವರೆಲ್ಲ. ಓದುವ ಹಕ್ಕಿಗೆ ೪, ಬರೆಯುವ ಹಕ್ಕಿಗೆ ೨, ನಡೆಸುವ ಅಥವಾ ಒಳಹೋಗುವ ಹಕ್ಕಿಗೆ ೧. ಕೂಡಿಸಿದರೆ ಅವರವರ ಅಂಕಿ. ಕಡತಕೋಶಕ್ಕೆ ೭೫೫ ಎಂದರೆ ಒಡೆಯನಿಗೆ ಮೂರೂ ಹಕ್ಕು. ಉಳಿದ ಇಬ್ಬರಿಗೆ ಓದಲು, ಒಳಹೋಗಲು ಮಾತ್ರ. ಕಡತಕ್ಕೆ ೬೪೪ ಎಂದರೆ ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು. ಗುಪ್ತಪದವಿರುವ ಸಂರಚನೆಯ ಕಡತಕ್ಕೆ ೬೪೦. ಹೊರಗಿನವರಿಗೆ ಓದುವ ಹಕ್ಕೂ ಇಲ್ಲ.

ಇದರಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ. ಒಂದು ದಿನ ಮೆರವಣಿಗೆಯ ಫೋಟೊ ಏರಿಸಲು ಹೋದರೆ ಏರಲಿಲ್ಲ. ಹುಡುಗಿ ಪರೀಕ್ಷೆಗೆ ಹೋಗಿದ್ದಳು. ಎಲ್ಲಿಯೋ ಓದಿದ್ದ ಸುಲಭ ಉಪಾಯವೆಂದು ಎಲ್ಲ ಕಡತಗಳಿಗೂ ೭೭೭ ಕೊಟ್ಟುಬಿಟ್ಟೆ. ಎಂದರೆ ಬಂದವರಿಗೆಲ್ಲ ಎಲ್ಲ ಹಕ್ಕು. ಫೋಟೊ ಏರಿತು, ನಾನು ಹಿಗ್ಗಿದೆ. ಅದೇ ಹೊತ್ತಿಗೆ ಒಂದು ಜೋಡಣೆಯ ಹೊಸ ಆವೃತ್ತಿ ಬಂದಿತ್ತು, ಅದನ್ನೂ ಹಾಕದೆ ಬಿಟ್ಟಿದ್ದೆ. ಆ ಹಳೆಯ ಜೋಡಣೆಯ ಕಿಟಕಿಯಿಂದ ಕಳ್ಳ ಒಳಗೆ ಬಂದ. ೭೭೭ರಿಂದಾಗಿ ಒಳಗಿನ ಕೋಣೆಗಳೆಲ್ಲ ತೆರೆದೇ ಇದ್ದವು. ಮೂರು ವಾರದ ಮೇಲೆ ನೋಡಿದರೆ ನಮ್ಮ ಸಂಘದ ಹೆಸರಿನ ಕೆಳಗೆ ಜೂಜಾಟದ ಜಾಹೀರಾತುಗಳು! ಹೆಂಗಸರು ಕುಡಿತ-ಜೂಜಿನ ವಿರುದ್ಧ ಮಾಡಿದ ಠರಾವಿನ ಪುಟದ ಮೇಲೆಯೇ ಅವು ಕುಳಿತಿದ್ದವು. ಅವರ ಮುಂದೆ ನಾನು ತಲೆಯೆತ್ತಲಾರದೆ ಹೋದೆ. ಹುಡುಗಿ ಬಂದು ಇದ್ದದ್ದೆಲ್ಲವನ್ನೂ ಅಳಿಸಿ, ಕಳ್ಳ ಬರುವುದಕ್ಕೂ ಮುಂಚಿನ ಪ್ರತಿಯಿಂದ ಮರಳಿ ನಿಲ್ಲಿಸಿ, ಗುಪ್ತಪದಗಳನ್ನೆಲ್ಲ ಬದಲಿಸಿದಳು. ಯಾಕೆ ಕೆಲಸವಾಗುತ್ತಿಲ್ಲ ಎಂದು ತಿಳಿಯದೆ ಹಕ್ಕನ್ನು ಸಡಿಲಿಸಬೇಡಿರಿ. ಆ ದಿನ ಕಡತಕೋಶದ ಒಡೆಯನ ಹೆಸರು ತಪ್ಪಾಗಿತ್ತು, ಅಷ್ಟೇ. ಅಪಾಚೆಯ ಬಳಕೆದಾರನ ಹೆಸರಿಗೆ ಅದನ್ನು ಮಾಡಿದ್ದರೆ ತೀರುತ್ತಿತ್ತು.

ಮತ್ತೆ ಕ್ರಮಕ್ಕೆ ಬರೋಣ. ಈ ಹೆಸರು ಕೇಳಿ ಬಂದವರಿಗೆ ಈ ಕಡತಕೋಶದಿಂದ ಕೊಡು ಎಂದು ಅಪಾಚೆಗೆ ಒಂದು ಚೀಟಿ ಬರೆದಿಡಬೇಕು. ಬಾಗಿಲಿಗೆ ಪ್ರಮಾಣಪತ್ರ ಹಾಕಬೇಕು. ಅದಿಲ್ಲದಿದ್ದರೆ ನಡುದಾರಿಯಲ್ಲಿ ಕುಳಿತವನು ನಮ್ಮ ಗುಪ್ತಪದವನ್ನು ಓದಿಕೊಳ್ಳಬಹುದು. ಮೊದಲು ಇದಕ್ಕೂ ರೊಕ್ಕ ಕೊಡಬೇಕಾಗಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭವಿಲ್ಲದ ಸಂಸ್ಥೆಯು ೨೦೧೫ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ. ಅದರ ಅವಧಿ ಮೂರು ತಿಂಗಳಿಗಿಂತ ಹೆಚ್ಚಿಲ್ಲ. ಸರ್ಟ್‌ಬಾಟ್ ಎಂಬ ತಂತ್ರಾಂಶ ಹಾಕಿದರೆ ಅದೇ ನವೀಕರಿಸುತ್ತ ಹೋಗುತ್ತದೆ.

ಕೊನೆಗೆ ಜಾಲತಾಣದ ಹೆಸರನ್ನು ತೆರೆದರೆ ಸ್ವಾಗತದ ಪುಟ ಬರುತ್ತದೆ. ಭಾಷೆ ಯಾವುದೆಂದು ಕೇಳುತ್ತದೆ, ಕನ್ನಡವೂ ಪಟ್ಟಿಯಲ್ಲಿದೆ. ಸ್ವಯಂಸೇವಕರು ಅನುವಾದಿಸಿದ್ದು. ಅಲ್ಲಿ ನಿರ್ವಾಹಕನ ಹೆಸರು, ಗುಪ್ತಪದ ಕೊಡಬೇಕು. ಇದನ್ನು ನಾಳೆ ಮಾಡೋಣವೆಂದು ಬಿಟ್ಟು ಮಲಗಬೇಡಿರಿ. ಆ ಪುಟವನ್ನು ಮೊದಲು ತುಂಬಿದವನೇ ನಿರ್ವಾಹಕನಾಗುತ್ತಾನೆ. ಬಾಗಿಲು ತೆರೆದಿಟ್ಟ ಹೊಸ ಮನೆಯಂತೆ ಅದು.

ಬೆಳಗಿನ ಜಾವ ಮೂರೂವರೆಗೆ ಸಂಘದ ಹೆಸರು ಕನ್ನಡದಲ್ಲಿ ಪರದೆಯ ಮೇಲೆ ಬಂತು. ಹುಡುಗಿಯ ತಂದೆ, ಮೂಲೆಯಲ್ಲಿ ನಿದ್ದೆ ಹೋಗಿದ್ದವರು, ಎದ್ದು ನೋಡಿ, "ಮುಗೀತೇನವ್ವಾ?" ಎಂದರು. ಅವಳೆಂದಳು: "ಮುಗಿಯೂದಲ್ರಿ ಅಪ್ಪಾ, ಈಗ ಶುರು."

ಅವಳ ಮಾತು ನಿಜ. ಮಾರನೆಯ ದಿನವೇ ಮೊದಲ ತೊಡಕು ಬಂದಿತು. ನಮ್ಮ ಹಳೆಯ ಠರಾವುಗಳನ್ನೆಲ್ಲ ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದ್ದೆವು. ಅವನ್ನು ಹಾಗೆಯೇ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಹಳೆಯ ಕ್ರಮದಲ್ಲಿ ಒಳಗಿರುವುದು ಇಂಗ್ಲಿಷಿನ ಸಂಕೇತವೇ. ಮೇಲೆ ಕನ್ನಡದ ವೇಷ ಮಾತ್ರ. ಯುನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ತನ್ನದೇ ಸ್ಥಾನವಿದೆ. ಹಳೆಯದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಮಾಡಿ ಹಂಚಿದ್ದಾರೆ. ತಿರುಗಿಸಿದ ಮೇಲೆ ಕಣ್ಣಿಟ್ಟು ಓದಿ ತಿದ್ದಬೇಕು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಜಾರುತ್ತವೆ. ದರಪಟ್ಟಿಯಲ್ಲಿ ಅಂಕಿಯೊಂದು ಜಾರಿದರೆ ಅದು ಕೂಲಿಯ ಪ್ರಶ್ನೆ.

ಈಗ ನನ್ನ ಮುಖ್ಯ ಮಾತು. ಬೆಲೆಯಿಲ್ಲದೆ ಬಂದದ್ದು ದುಡಿಮೆಯಿಲ್ಲದೆ ನಿಲ್ಲುವುದಿಲ್ಲ. ತಂತ್ರಾಂಶ ನಮ್ಮದಾದರೆ ಅದರ ಪಾಲನೆಯೂ ನಮ್ಮದೇ. ಈ ಪಾಲನೆಯನ್ನು ಒಬ್ಬನ ಮೇಲೆ ಹೊರಿಸಿದರೆ, ಅವನು ಎಷ್ಟೇ ಒಳ್ಳೆಯವನಿರಲಿ, ನಾಳೆ ಅವನೇ ಆ ಹಳೆಯ ಗುತ್ತಿಗೆದಾರನಾಗುತ್ತಾನೆ. ಇಂದು ಆ ಹುಡುಗಿಯ ಮೇಲೆಯೇ ಎಲ್ಲ ಭಾರ ಹಾಕಿದ್ದೇವೆ. ನಾಳೆ ಅವಳು ನೌಕರಿಗೆ ಹೋದರೆ? ನಾನು ಹಾಸಿಗೆ ಹಿಡಿದರೆ? ಮತ್ತೆ ತಗಡಿನ ಪೆಟ್ಟಿಗೆಯೇ ಗತಿ.

ಮುಕ್ತ ತಂತ್ರಾಂಶ ಎಂದೊಡನೆ ಎಲ್ಲ ಸುರಕ್ಷಿತವೆಂದು ತಿಳಿಯುವುದೂ ತಪ್ಪು. ೨೦೨೪ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಅವರಿಗೂ ಒಂದು ದೊಡ್ಡ ಸರ್ವರು ಕಂಪನಿಗೂ ಜಗಳ ಹತ್ತಿ, ಆ ಕಂಪನಿಯ ಸರ್ವರುಗಳಿಗೆ ಹೊಸ ಆವೃತ್ತಿಗಳು ಸಿಗುವ ಬಾಗಿಲನ್ನೇ ಮುಚ್ಚಲಾಯಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯ ತೆರೆಯಲು ಹೇಳುವವರೆಗೂ ತಕರಾರು ನಡೆಯಿತು. ಪರವಾನಗಿ ಮುಕ್ತವಾಗಿದ್ದರೂ ಹೆಬ್ಬಾಗಿಲ ಕೀಲಿಕೈ ಒಬ್ಬರ ಕೈಯಲ್ಲಿದ್ದರೆ ಹೀಗಾಗುತ್ತದೆ. ಆದರೂ ನಮ್ಮ ಬರಹ, ನಮ್ಮ ಖಾತೆ, ನಮ್ಮ ಪ್ರತಿ ನಮ್ಮಲ್ಲಿದ್ದರೆ ನಾಳೆ ದ್ರೂಪಲ್ಲಿಗೋ ಮತ್ತೊಂದಕ್ಕೋ ಒಯ್ಯಬಹುದು. ತೊಂದರೆಯಾದೀತು, ಅನಾಥರಾಗುವುದಿಲ್ಲ.

ಈ ಪ್ರಾಂತಕ್ಕೆ ಕೂಡಿ ನಡೆಸುವ ವಿದ್ಯೆ ಗೊತ್ತಿಲ್ಲದ್ದಲ್ಲ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರು ತಮ್ಮ ರೊಕ್ಕದ ಲೆಕ್ಕವನ್ನು ತಾವೇ ಇಡಲು ಕಲಿತರು. ರೊಕ್ಕದ ಲೆಕ್ಕ ಇಟ್ಟವರಿಗೆ ಮಾತಿನ ಲೆಕ್ಕ ಇಡುವುದು ಅಸಾಧ್ಯವೇ?

ಆದ್ದರಿಂದ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನಿಡುತ್ತೇನೆ.

ಒಂದು: ಐದು ಜನರ ಸಮಿತಿಯಾಗಲಿ. ಗಿರಣಿಯಿಂದ ಇಬ್ಬರು, ವ್ಯಾಪಾರಸ್ಥರಿಂದ ಇಬ್ಬರು, ಹೆಣ್ಣುಮಕ್ಕಳಿಂದ ಒಬ್ಬರು. ಕೀಲಿ-ಕಡತ ಕನಿಷ್ಠ ಮೂವರಲ್ಲಿ, ಅವರವರದು ಬೇರೆ ಬೇರೆಯಾಗಿ ಇರಲಿ. ಒಬ್ಬರು ಬಿಟ್ಟುಹೋದ ದಿನ ಅವರದನ್ನು ತೆಗೆಯಬೇಕು. ಜಾಲತಾಣದ ಒಳಗೂ ಎಲ್ಲರೂ ನಿರ್ವಾಹಕರಾಗಬೇಕಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಬರೆಯುವವರು, ಬರೆದು ಪ್ರಕಟಿಸುವವರು, ಇತರರದನ್ನು ತಿದ್ದುವ ಸಂಪಾದಕರು ಎಂದು ಮೆಟ್ಟಿಲುಗಳಿವೆ.

ಎರಡು: ಪ್ರತಿ ತಿಂಗಳ ಮೊದಲ ಭಾನುವಾರ ಮಾರಿಯಾಡಿಬಿಯ ಖಾತೆಯ ಪ್ರತಿ, ಫೋಟೊಗಳ ಕಡತಕೋಶದ ಪ್ರತಿ, ಎರಡನ್ನೂ ತೆಗೆಯಬೇಕು. ಒಂದನ್ನೇ ತೆಗೆದರೆ ಅರ್ಧ ಮನೆ. ಒಂದು ಪ್ರತಿ ಸಂಘದ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಆರು ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ನಿಲ್ಲಿಸಿ ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬೇಡಿರಿ. ಗೆದ್ದಲು ಹತ್ತಿದ ನಮ್ಮ ಕಾಗದವೂ ಕಪಾಟಿನಲ್ಲಿಯೇ ಇತ್ತು.

ಮೂರು: ವಾರಕ್ಕೊಮ್ಮೆ ಸರ್ವರಿನ, ವರ್ಡ್‌ಪ್ರೆಸ್ಸಿನ, ಜೋಡಣೆಗಳ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ ಹಾಕಬೇಕು. ಬೇಡವಾದ ಜೋಡಣೆಯನ್ನು ಇಟ್ಟುಕೊಳ್ಳಬಾರದು. ಯಾರು, ಯಾವ ದಿನ, ಏನು ಮಾಡಿದರೆಂದು ಒಂದು ವಹಿಯಲ್ಲಿ ಶಾಯಿಯಿಂದ ಬರೆಯಬೇಕು.

ನಾಲ್ಕು: ಸದಸ್ಯರ ದೂರವಾಣಿ ಸಂಖ್ಯೆ, ಆಧಾರ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ಜಾಲತಾಣದಲ್ಲಿ ಹಾಕಕೂಡದು. ಇಂಥ ವಿವರಗಳ ರಕ್ಷಣೆಗೆ ೨೦೨೩ರಲ್ಲಿ ಕಾಯಿದೆಯೂ ಆಗಿದೆ. ಕಾಯಿದೆ ಇಲ್ಲದಿದ್ದರೂ, ನಮ್ಮನ್ನು ನಂಬಿ ಹೆಸರು ಕೊಟ್ಟವರನ್ನು ಬೀದಿಗೆ ಹಾಕಬಾರದು ಎಂಬುದು ನಮ್ಮ ಧರ್ಮ.

ನಮಗೆ ಇಂಗ್ಲಿಷ್ ಬಾರದಲ್ಲ, ನಾವು ಹೇಗೆ ಮಾಡುವುದೆಂದು ಸಭೆಗೆ ಮುಂಚೆ ಕೆಲವರು ಕೇಳಿದರು. ಆಜ್ಞೆಗಳು ಇಂಗ್ಲಿಷಿನಲ್ಲಿವೆ, ನಿಜ. ಆದರೆ ಅವು ಎಲ್ಲ ಕೂಡಿ ಮೂವತ್ತು ನಲವತ್ತು ಪದಗಳು. ಗಿರಣಿಯಲ್ಲಿ ಬೇರಿಂಗು, ಬೆಲ್ಟು, ಸ್ಟಾರ್ಟರು ಎನ್ನುವುದನ್ನು ನೀವು ಯಾವ ಶಾಲೆಯಲ್ಲಿ ಕಲಿತಿರಿ? ಕೈಯಿಂದ ಮಾಡುತ್ತ ಕಲಿತಿರಿ. ಯಂತ್ರದ ಸದ್ದಿನಲ್ಲಿಯೇ ಕೆಟ್ಟದ್ದನ್ನು ಗುರುತಿಸಬಲ್ಲ ನಿಮಗೆ ಇದು ಬಾರದೆಂದು ನಾನು ಒಪ್ಪುವುದಿಲ್ಲ. ನಾವು ಮಾಡಿದ ಹೆಜ್ಜೆಗಳನ್ನೆಲ್ಲ ಕ್ರಮವಾಗಿ ಕನ್ನಡದಲ್ಲಿ ಬರೆದು, ಆಜ್ಞೆಗಳನ್ನು ದಪ್ಪಕ್ಷರದಲ್ಲಿ ಹಾಕಿ, ಒಂದು ಕೈಹೊತ್ತಿಗೆ ಮಾಡಿದ್ದೇವೆ. ಹಂಚಲು ಪ್ರತಿಗಳಿವೆ. ತಪ್ಪಿದ್ದರೆ ತಿದ್ದಿರಿ, ಬೇರೆ ಊರಿನವರಿಗೂ ಕೊಡಿರಿ.

ಬರುವ ಭಾನುವಾರ ಮುಂಜಾನೆ ಹತ್ತು ಗಂಟೆಗೆ ಸಂಘದ ಕಚೇರಿಯಲ್ಲಿ ಕೂಡೋಣ. ಯಾರ ಮನೆಯಲ್ಲಿ ಹಳೆಯ ಒಪ್ಪಂದ, ರಸೀದಿ, ನೋಟೀಸು, ಸಭೆಯ ಫೋಟೊ ಇವೆಯೋ ಅವರು ದಯವಿಟ್ಟು ತರಬೇಕು. ಅಲ್ಲಿಯೇ ಪ್ರತಿ ತೆಗೆದು ಮರಳಿ ಕೊಡುತ್ತೇವೆ. ಆ ಹಿರಿಯ ಹಮಾಲರು ತಮ್ಮ ತಗಡಿನ ಪೆಟ್ಟಿಗೆಯನ್ನು ಮತ್ತೊಮ್ಮೆ ತೆರೆಯಲು ಒಪ್ಪಿದ್ದಾರೆ. ಅವರ ಪ್ರಶ್ನೆಗೆ ಅಂದು ಅವರ ಎದುರಿನಲ್ಲಿಯೇ ಉತ್ತರ ಕೊಡಬೇಕೆಂದಿದ್ದೇನೆ. ಕೀಲಿಕೈಗಳನ್ನು ತೆಗೆದುಕೊಳ್ಳುವ ಮೂವರು ಯಾರೆಂಬುದನ್ನು ಮಾತ್ರ ಈಗ ಇಲ್ಲಿಯೇ, ಈ ಸಭೆ ಮುಗಿಯುವುದರೊಳಗೆ, ನೀವು ಹೇಳಬೇಕು.